ವೀಣೆಗೆ ಚಳಿಯಾಗದಂತೆ ನೋಡಿಕೊಂಡ ಕಥೆ

ವೈಷ್ಣವೀ, ಸುಹಾಸಾ, ನಿಮ್ಮಜ್ಜಿಗೆ ಹೆದರಿಕೆ ಜಾಸ್ತಿ ಎಂದು ನಿಮಗೆ ಗೊತ್ತು. ಎಷ್ಟು ಜಾಸ್ತಿ ಎಂದು ಗೊತ್ತಿಲ್ಲ. ಫೋನು ಬಡಿದುಕೊಂಡರೆ ಮೊದಲು ಎರಡು ಹೆಜ್ಜೆ ಹಿಂದೆ ಸರಿದು ಆಮೇಲೆ ಎತ್ತುವವಳು ನಾನು. ಮಡಿಕೇರಿಯಿಂದ ಬರುವ ಬಸ್ಸಿನಲ್ಲಿ ನಾನು ಇಳಿಯುವ ಜಾಗ ಬಂದಾಗ ಕಂಡಕ್ಟರನಿಗೆ ಕೂಗಿ ಹೇಳಲು ನಾಚಿಕೆಯಾಗಿ, ಬೇರೆ ಯಾರಾದರೂ ಇಳಿಯುವ ತನಕ ಕೂತಿದ್ದು, ಎರಡು ಮೈಲಿ ಹಿಂದಕ್ಕೆ ನಡೆದು ಮನೆ ಸೇರಿದ್ದೂ ಉಂಟು. ನಿಮ್ಮಜ್ಜ ಇದ್ದಷ್ಟು ದಿನ ನನ್ನ ಪಾಲಿನ ಮಾತನ್ನೂ ಅವರೇ ಆಡುತ್ತಿದ್ದರು. ಡಾಕ್ಟರು ನನ್ನ ಮುಖ ನೋಡಿ ಎಲ್ಲಿ ನೋವು ಎಂದು ಕೇಳಿದರೆ ನಿಮ್ಮಜ್ಜ ಎಡಮಂಡಿ ಎನ್ನುತ್ತಿದ್ದರು. ಒಂದು ಸಲ ನೋಯುತ್ತಿದ್ದದ್ದು ಬಲಮಂಡಿ. ಅಷ್ಟು ದೊಡ್ಡವರಿಬ್ಬರು ಮಾತಾಡಿ ಮುಗಿಸಿದ ಮೇಲೆ ಹೇಗೆ ತಿದ್ದುವುದೆಂದು ತಿಳಿಯದೆ, ಹದಿನೈದು ದಿನ ಎಡಮಂಡಿಗೇ ಎಣ್ಣೆ ತಿಕ್ಕಿದೆ.

ಹಾಗೆ ನನ್ನನ್ನು ಹೆದರಿಸುವವರಲ್ಲಿ ಮೊದಲನೆಯವರು ಸಂಗೀತಗಾರರು. ಏಳನೇ ತರಗತಿವರೆಗೆ ನಾನು ಓದಿದ ಊರಿನ ಶಾಲೆಗೆ ವಾರಕ್ಕೊಮ್ಮೆ ಒಬ್ಬ ಸಂಗೀತದ ಮೇಷ್ಟ್ರು ಬರುತ್ತಿದ್ದರು. ನಲವತ್ತು ಮಕ್ಕಳು ಒಟ್ಟಿಗೆ ಹಾಡುವಾಗ ಅವರು ಕಣ್ಣು ಮುಚ್ಚಿ ಕೂರುತ್ತಿದ್ದರು. ಶ್ರುತಿ ತಪ್ಪಿದವರ ಹಣೆಗೆ ಕಣ್ಣು ಮುಚ್ಚಿಕೊಂಡೇ ಸೀಮೆಸುಣ್ಣ ಎಸೆಯುತ್ತಿದ್ದರು. ಗುರಿ ತಪ್ಪುತ್ತಿರಲಿಲ್ಲ. ನಾನು ಬಾಯಿ ಮಾತ್ರ ಆಡಿಸುತ್ತಿದ್ದೆ, ಸ್ವರ ಹೊರಡಿಸುತ್ತಿರಲಿಲ್ಲ. ವರ್ಷದ ಕೊನೆಗೆ, ಒಂದು ದಿನವೂ ಅಪಸ್ವರ ಹಾಡದ ಏಕೈಕ ವಿದ್ಯಾರ್ಥಿನಿ ಎಂದು ನನಗೆ ಒಂದು ಪೆನ್ಸಿಲ್ ಬಹುಮಾನ ಕೊಟ್ಟರು. ಆ ಪೆನ್ಸಿಲಿನಲ್ಲಿ ಬರೆಯಲೂ ನನಗೆ ಹೆದರಿಕೆಯಾಗಿತ್ತು.

ಇಂಥವಳ ಮನೆಗೆ ಕಳೆದ ಮಳೆಗಾಲದಲ್ಲಿ ವೀಣೆಯ ವಿದ್ವಾಂಸರೊಬ್ಬರು ಬಂದು ಇಳಿದುಕೊಂಡರು. ಅವರ ಹೆಸರು ಬರೆಯುವುದಿಲ್ಲ, ವಿದ್ವಾಂಸರು ಎಂದಷ್ಟೇ ಹೇಳುತ್ತೇನೆ. ಮೈಸೂರು ಕಡೆಯವರು, ಎಪ್ಪತ್ತು ದಾಟಿದವರು. ನಮ್ಮ ಭಾಗಮಂಡಲದ ಭಜನಾ ಸಮಿತಿಯವರು ಸೋರುತ್ತಿದ್ದ ಸಭಾಂಗಣಕ್ಕೆ ಹೊಸ ಮಾಡು ಹಾಕಿಸಿ, ಅದರ ಸಂತೋಷಕ್ಕೆ ಒಂದು ಕಚೇರಿ ಇಟ್ಟುಕೊಳ್ಳಲು ಅವರನ್ನು ಕೇಳಿಕೊಂಡಿದ್ದರು. ಬೇರೆ ಸಂಗೀತಗಾರರೆಲ್ಲ ಮಳೆ ಕಳೆದ ಮೇಲೆ ಬರುತ್ತೇವೆ ಎಂದರೆ ಇವರು, ಬರುವುದಾದರೆ ಜೋರು ಮಳೆಯಲ್ಲೇ ಬರುತ್ತೇನೆ, ಮೈಕು ಇರಕೂಡದು, ಮಾಡಿನ ಮೇಲೆ ಮಳೆ ಬೀಳುವ ಸದ್ದು ಕೇಳಿಸಬೇಕು ಎಂದರಂತೆ. ಸಮಿತಿಯ ಕಾರ್ಯದರ್ಶಿ ಪೊನ್ನಪ್ಪ ನಮ್ಮ ಜಗಲಿಯಲ್ಲಿ ನಿಂತು ಕೊಡೆಯ ನೀರು ಕೊಡವುತ್ತಾ ಹೇಳಿದ: "ಅಕ್ಕ, ಶಬ್ದ ಇಲ್ಲದ ಮನೆ ಊರಲ್ಲಿ ನಿಮ್ಮದೊಂದೇ ಉಂಟು. ಬೇರೆ ಕಡೆ ಒಂದೋ ಟಿವಿ, ಇಲ್ಲದಿದ್ರೆ ನಾಯಿ. ಎರಡು ದಿನ ಸುಧಾರಿಸಿ ಮಾರಾಯ್ರೆ." ಆಗುವುದಿಲ್ಲ ಎನ್ನಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವನು ಗೇಟು ದಾಟಿದ್ದ.

ಆಮೇಲೆ ಒಬ್ಬೊಬ್ಬರಾಗಿ ಬಂದು ವಿದ್ವಾಂಸರ ಕಥೆ ಹೇಳತೊಡಗಿದರು. ಮುಂದಿನ ಸಾಲಿನಲ್ಲಿ ಯಾರೋ ಗಡಿಯಾರ ನೋಡಿಕೊಂಡರೆಂದು ಒಂದು ಊರಿನಲ್ಲಿ ಅರ್ಧಕ್ಕೇ ಎದ್ದು ಹೋದರಂತೆ. ಇನ್ನೊಂದೂರಿನಲ್ಲಿ ಪ್ಲಾಸ್ಟಿಕ್ ಹೂವಿನ ಹಾರ ಹಾಕಿದ್ದಕ್ಕೆ, ಅದನ್ನು ಹಾಕಿದ ಅಧ್ಯಕ್ಷರ ಕೊರಳಿಗೇ ತಿರುಗಿ ಹಾಕಿ ಬಸ್ಸು ಹತ್ತಿದರಂತೆ. ಮತ್ತೊಂದು ಕಡೆ ಒಂದು ಗಂಟೆ ವೀಣೆಯನ್ನು ಮುಟ್ಟದೆ ವೇದಿಕೆಯ ಮೇಲೆ ಸುಮ್ಮನೆ ಕೂತು, ಇವತ್ತು ತುಂಬಾ ಚೆನ್ನಾಗಿ ಬಂತು ಎಂದು ನಮಸ್ಕಾರ ಮಾಡಿ ಎದ್ದರಂತೆ. ಕೇಳಿದವರೆಲ್ಲ ನಕ್ಕರು. ನಾನು ಒಳಗೆ ಹೋಗಿ ಮನೆಯಲ್ಲಿರುವ ಗಡಿಯಾರಗಳನ್ನೆಲ್ಲ ಬೀರುವಿನಲ್ಲಿಟ್ಟೆ. ದೇವರ ಪಟದ ಪ್ಲಾಸ್ಟಿಕ್ ಹಾರ ತೆಗೆದು ಅಕ್ಕಿ ಡಬ್ಬಿಯೊಳಗೆ ಹುಗಿದೆ. ಇವರೇನಾದರೂ ಕಚೇರಿ ಬಿಟ್ಟು ಹೋದರೆ, ಯಾರ ಮನೆಯಿಂದ ಹೋದರು ಎಂದು ಊರು ಕೇಳುತ್ತದೆ. ನನ್ನ ಹೆಸರು ಹತ್ತು ಜನರ ಬಾಯಲ್ಲಿ ಬರುವುದೆಂದರೆ ನನಗೆ ಅದಕ್ಕಿಂತ ದೊಡ್ಡ ಗಂಡಾಂತರವಿಲ್ಲ.

ವಿದ್ವಾಂಸರು ಸಂಜೆ ಜೀಪಿನಲ್ಲಿ ಬಂದರು. ಜೊತೆಗೆ ಅವರ ಶಿಷ್ಯ ಪದ್ಮನಾಭಯ್ಯ. ಶಿಷ್ಯ ಎಂದರೆ ಹುಡುಗನಲ್ಲ, ಬ್ಯಾಂಕಿನಿಂದ ನಿವೃತ್ತರಾದವರು. ಇಪ್ಪತ್ತೆರಡು ವರ್ಷದಿಂದ ಗುರುಗಳ ವೀಣೆ ಹೊತ್ತು ತಿರುಗುತ್ತಿದ್ದಾರೆ. ಪದ್ಮನಾಭಯ್ಯನವರ ಹೆಂಡತಿ, ನಾನು ಬೇಕೋ ಆ ಮರದ ತುಂಡು ಬೇಕೋ ಎಂದು ಕೇಳಿದ್ದರಂತೆ. ಉತ್ತರ ಹೇಳಲು ಒಂದು ದಿನ ಕೊಡು ಎಂದದ್ದಕ್ಕೆ ತವರಿಗೆ ಹೋಗಿ ಮೂರು ತಿಂಗಳು ಕೂತರಂತೆ. ಆ ವೀಣೆ ವಿದ್ವಾಂಸರ ದೊಡ್ಡಮ್ಮನದು. ವಿದ್ವಾಂಸರಿಗೆ ಪಾಠ ಹೇಳಿದವರೂ ಆ ದೊಡ್ಡಮ್ಮನೇ. ಹಾಗಾಗಿ ವಿದ್ವಾಂಸರು ವೀಣೆಯನ್ನು ದೊಡ್ಡಮ್ಮ ಎಂದೇ ಕರೆಯುವುದು. ಊಟಕ್ಕೆ ಏಳುವಾಗ ಅದರ ಕಡೆ ತಿರುಗಿ ಹೇಳಿ ಏಳುವುದು. ಆ ಸಂಜೆ ಚಾವಡಿಯಲ್ಲಿ ಚಾಪೆ ಹಾಸಿ, ಹೊದಿಕೆ ಬಿಚ್ಚದೆ ಅದನ್ನು ಮಲಗಿಸಿ, ನನ್ನನ್ನು ಕರೆದು, "ತಾಯಿ, ನನಗೆ ಏನಿಲ್ಲದಿದ್ದರೂ ನಡೆಯುತ್ತೆ. ದೊಡ್ಡಮ್ಮನಿಗೆ ಚಳಿಯಾಗಬಾರದು, ನೋಡಿಕೊಳ್ಳಿ" ಎಂದರು. ನಾನು ತಲೆಯಾಡಿಸಿದೆ. ಸಂಗೀತಗಾರರ ಮುಂದೆ ತಲೆಯಾಡಿಸುವುದೊಂದೇ ನನಗೆ ಗೊತ್ತಿದ್ದ ವಿದ್ಯೆ.

ಮಾರನೆಯ ದಿನ ಬೆಳಿಗ್ಗೆ ಇಬ್ಬರೂ ಸಂಗಮದಲ್ಲಿ ಸ್ನಾನ ಮಾಡಿ ದೇವಸ್ಥಾನಕ್ಕೆ ಹೋಗಿಬರುತ್ತೇವೆಂದು ಹೊರಟರು. ನಾನು ಚಾವಡಿಗೆ ಬಂದು ವೀಣೆಯ ಹೊದಿಕೆ ಮುಟ್ಟಿ ನೋಡಿದೆ. ತಣ್ಣಗೆ ಕಪ್ಪೆಯ ಬೆನ್ನಿನ ಹಾಗಿತ್ತು. ಮಕ್ಕಳೇ, ನೀವು ಕುಶಾಲನಗರದಲ್ಲಿ ಬೆಳೆದವರು, ನಿಮಗಿದು ತಿಳಿಯುವುದಿಲ್ಲ. ನಮ್ಮಲ್ಲಿ ಮಳೆಗಾಲದಲ್ಲಿ ಯಾವುದನ್ನು ಉಳಿಸಿಕೊಳ್ಳಬೇಕೋ ಅದನ್ನು ಒಲೆಯ ಹತ್ತಿರ ಇಡುತ್ತೇವೆ. ಉಪ್ಪು, ಬೆಂಕಿಪೊಟ್ಟಣ, ಹಪ್ಪಳ, ಏಲಕ್ಕಿ, ಪಂಚಾಂಗ, ಬಾಣಂತಿ, ಮಗು, ಮುದುಕರು ಎಲ್ಲದಕ್ಕೂ ಒಂದೇ ಜಾಗ. ನಿಮ್ಮಪ್ಪನ ಹತ್ತನೇ ತರಗತಿಯ ಸರ್ಟಿಫಿಕೇಟು ನಾಲ್ಕು ಮಳೆಗಾಲ ಒಲೆಯ ಮೇಲಿನ ಅಟ್ಟದಲ್ಲಿ ಕಳೆದಿದೆ. ಇವತ್ತಿಗೂ ಅದರಲ್ಲಿ ಹೊಗೆಯ ವಾಸನೆ ಇದೆ, ಹುಳ ಮಾತ್ರ ಹಿಡಿದಿಲ್ಲ. ನಾನು ಎರಡನೇ ಯೋಚನೆ ಮಾಡಲಿಲ್ಲ. ಚಾಪೆಯ ತುದಿ ಹಿಡಿದು ದೊಡ್ಡಮ್ಮನನ್ನು ಮೆಲ್ಲಗೆ ಎಳೆದುಕೊಂಡು ಬಚ್ಚಲಿನ ಪಕ್ಕ ಹಂಡೆ ಒಲೆಯ ಮುಂದೆ ತಂದೆ. ಮೇಲೆ ನನ್ನ ಕಂಬಳಿ ಹೊದೆಸಿದೆ. ಎರಡು ಸೌದೆ ಹೆಚ್ಚಾಗಿಯೇ ಒಟ್ಟಿದೆ. ಒಂದೂವರೆ ಗಂಟೆ ಬಿಟ್ಟು ನೋಡಿದಾಗ ಹೊದಿಕೆ ಗರಿಗರಿಯಾಗಿತ್ತು. ನನ್ನ ಕೆಲಸ ನನಗೇ ಮೆಚ್ಚಿಗೆಯಾಗಿ, ಅವರು ಬರುವ ಮುಂಚೆ ಮತ್ತೆ ಚಾವಡಿಗೆ ಎಳೆದುಬಿಟ್ಟೆ.

ವೀಣೆಯ ತಂತಿಯ ಕೆಳಗಿರುವ ಮೆಟ್ಟಿಲುಗಳನ್ನು ಮೇಣದಲ್ಲಿ ಕೂರಿಸಿರುತ್ತಾರೆ ಎಂದು ನನಗೆ ಯಾರು ಹೇಳಬೇಕು?

ಕಡುಬು ತಿಂದು ಕೈ ತೊಳೆದು ವಿದ್ವಾಂಸರು ಹೊದಿಕೆ ಬಿಚ್ಚಿದರು. ನಾನು ಅಡಿಗೆಮನೆಯ ಬಾಗಿಲ ಹಿಂದೆ ಲೋಟ ಒರೆಸುತ್ತಿದ್ದೆ. ಬಗ್ಗಿ ನೋಡಿದರೆ, ಇಪ್ಪತ್ತನಾಲ್ಕು ಹಿತ್ತಾಳೆಯ ಮೆಟ್ಟಿಲುಗಳು ಕರಗಿದ ಕಪ್ಪು ಮೇಣದಲ್ಲಿ ಹೂತು, ಪ್ರಾರ್ಥನೆಯ ಹೊತ್ತಿಗೆ ತೂಕಡಿಸುವ ಶಾಲೆ ಮಕ್ಕಳ ಹಾಗೆ ಒಂದರ ಮೇಲೊಂದು ವಾಲಿದ್ದವು. ವಿದ್ವಾಂಸರು ಬೈಯಲಿಲ್ಲ. ಅದೇ ಹೆದರಿಕೆಯ ವಿಷಯ. ಮೆತ್ತಗೆ, ನಿನ್ನೆ ಕುಶಾಲನಗರದಲ್ಲಿ ಕಾಫಿಗೆ ಇಳಿದಾಗ ಜೀಪು ಎಲ್ಲಿ ನಿಂತಿತ್ತು ಎಂದು ಶಿಷ್ಯನನ್ನು ಕೇಳಿದರು. ಬಿಸಿಲಿನಲ್ಲಿತ್ತು ಎಂದರು ಪದ್ಮನಾಭಯ್ಯ. ದೊಡ್ಡಮ್ಮ ಒಳಗೇ ಇದ್ದಳೋ? ಇದ್ದಳು. ನೀನು ಎಷ್ಟು ಹೊತ್ತು ಕಾಫಿ ಕುಡಿದೆ? ಪದ್ಮನಾಭಯ್ಯ ಬೆರಳು ಮಡಿಚಿ ಏನೋ ಲೆಕ್ಕ ಹಾಕಿದರು. ಒಂದು ದೋಸೆಯನ್ನೂ ತಿಂದಿದ್ದರೆಂದು ಕಾಣುತ್ತದೆ.

"ಸರಿ. ಇವತ್ತಿನಿಂದ ನೀನು ಇವಳನ್ನು ಮುಟ್ಟಬೇಡ" ಎಂದರು ವಿದ್ವಾಂಸರು. "ಮಧ್ಯಾಹ್ನದ ಬಸ್ಸಿಗೆ ಊರಿಗೆ ಹೋಗು."

ಅರವತ್ತು ದಾಟಿದ ಆ ಮನುಷ್ಯ ಕೋಣೆಗೆ ಹೋಗಿ ತಮ್ಮ ಪಂಚೆ ಮಡಿಚತೊಡಗಿದರು. ಮಡಿಚುವುದು, ಬಿಚ್ಚುವುದು, ಮತ್ತೆ ಮಡಿಚುವುದು. ಬಾಗಿಲ ಸಂದಿಯಿಂದ ನನಗೆ ಕಾಣುತ್ತಿತ್ತು. ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯುವುದಿಲ್ಲ. ತಪ್ಪು ತಾನು ಮಾಡಿದ್ದೆಂದು ಅವರೇ ನಂಬಿಬಿಟ್ಟಿದ್ದಾರೆ. ಇಪ್ಪತ್ತೆರಡು ವರ್ಷ ಒಂದು ದೋಸೆಗೆ ಹೋಗುತ್ತಿದೆ. ಅದೂ ಆ ದೋಸೆಯ ತಪ್ಪಲ್ಲ. ಆ ಹತ್ತು ನಿಮಿಷ ನಾನು ಪಟ್ಟ ಪಾಡು ಹೇಗೆ ಬರೆಯಲಿ? ಒರೆಸಿದ ಲೋಟವನ್ನೇ ಒರೆಸಿದೆ. ದೇವರಿಗೆ ಹರಕೆ ಹೇಳಿಕೊಳ್ಳೋಣವೆಂದರೆ ಏನೆಂದು ಕೇಳಿಕೊಳ್ಳಬೇಕೋ ತೋಚಲಿಲ್ಲ. ನಿಮ್ಮಜ್ಜ ಇದ್ದಿದ್ದರೆ ನನ್ನ ಪರವಾಗಿ ಅವರೇ ಒಪ್ಪಿಕೊಂಡುಬಿಡುತ್ತಿದ್ದರು ಎಂದು ಅಳು ಬಂತು. ಕೊನೆಗೆ ಬಾಗಿಲ ಹಿಂದೆಯೇ ನಿಂತುಕೊಂಡು, "ನಾನೇ" ಎಂದೆ.

ಯಾರಿಗೂ ಕೇಳಿಸಲಿಲ್ಲ. ಹೊರಗೆ ಮಳೆ.

ಇನ್ನೊಮ್ಮೆ ಹೇಳಿದೆ. ಯಾರದು ಎಂದರು ವಿದ್ವಾಂಸರು. ಮೂರನೆಯ ಸಲ ಬಾಗಿಲು ದಾಟಿ, ಅವರನ್ನು ನೋಡದೆ, ಗೋಡೆಯ ಕ್ಯಾಲೆಂಡರಿಗೆ ಹೇಳಿದೆ: "ನಾನೇ. ಚಳಿ ಆಗ್ತದೆ ಅಂತ ಒಲೆ ಮುಂದೆ ಮಲಗಿಸಿದ್ದೆ. ಕಂಬಳಿಯೂ ಹೊದೆಸಿದ್ದೆ. ಅವರದ್ದು ಎಂತದೂ ತಪ್ಪಿಲ್ಲ."

ವಿದ್ವಾಂಸರು ಎದ್ದು ಬಂದರು. ಎಲ್ಲಿ ಮಲಗಿಸಿದಿರಿ, ತೋರಿಸಿ ಎಂದರು. ಹಂಡೆ ಒಲೆಯ ಮುಂದಿನ ಜಾಗ ತೋರಿಸಿದೆ. ಅವರು ಅಲ್ಲಿ ನೆಲದ ಮೇಲೆ ಕೂತರು. ನನ್ನ ಕಂಬಳಿ ಅಲ್ಲೇ ಬಿದ್ದಿತ್ತು, ಅದನ್ನು ಹೊದ್ದುಕೊಂಡರು. ಬೆಂಕಿಗೆ ಬೆನ್ನು ಕೊಟ್ಟು ಕಣ್ಣು ಮುಚ್ಚಿದರು. ಕಾಲು ಗಂಟೆ ಆಯಿತು. ಬೀರುವಿನೊಳಗೆ ಗಡಿಯಾರಗಳು ಟಿಕ್ ಟಿಕ್ ಅನ್ನುವುದು ನನಗೆ ಕೇಳುತ್ತಿತ್ತು, ಅವರಿಗೆ ಕೇಳಿಸದಿರಲಿ ಎಂದು ಎರಡು ಸಲ ಕೆಮ್ಮಿದೆ. ಪದ್ಮನಾಭಯ್ಯ ಪಂಚೆ ಹಿಡಿದುಕೊಂಡು ಬಾಗಿಲಲ್ಲಿ ನಿಂತಿದ್ದರು.

"ಹಿತವಾಗಿದೆ" ಎಂದರು ವಿದ್ವಾಂಸರು, ಕಣ್ಣು ತೆರೆಯದೆ. "ದೊಡ್ಡಮ್ಮ ಬೇಡ ಅಂದಿರಲಿಕ್ಕಿಲ್ಲ." ಆಮೇಲೆ ಅದೇ ದನಿಯಲ್ಲಿ, "ಪದ್ಮನಾಭ, ಆ ಪಂಚೆ ಒಳಗಿಟ್ಟು ಅವಳನ್ನು ಇಲ್ಲಿಗೆ ಎತ್ತಿಕೊಂಡು ಬಾ."

ಕಚೇರಿ ನಾಲ್ಕು ಗಂಟೆಗೆ. ಅಲ್ಲಿಯತನಕ ನನ್ನ ಬಚ್ಚಲ ಒಲೆಯ ಮುಂದೆ ಮೇಣ ಮೆತ್ತಗೆ ಮಾಡುವುದು, ಒಂದೊಂದೇ ಮೆಟ್ಟಿಲು ಎತ್ತುವುದು, ತಂತಿ ಮೀಟಿ ಕಿವಿಗೊಡುವುದು, ಒತ್ತುವುದು. ಸಟ್ಟುಗದಲ್ಲಿ ಕೆಂಡ ಹಿಡಿದುಕೊಂಡು ನಿಲ್ಲುವ ಕೆಲಸ ನನ್ನದು. ಹತ್ತಿರ ಎಂದರೆ ಹತ್ತಿರ, ದೂರ ಎಂದರೆ ದೂರ. ಮೂರೂವರೆಗೆ ಲೆಕ್ಕ ಹಾಕಿದರೆ ಹನ್ನೆರಡು ಮೆಟ್ಟಿಲು ಸರಿಯಾಗಿದ್ದವು, ಮೇಲಿನ ಹನ್ನೆರಡು ಇನ್ನೂ ಮಲಗಿದ್ದವು. ಸಾಕು, ಉಳಿದವರು ನಿದ್ದೆ ಮಾಡಲಿ ಎಂದು ವಿದ್ವಾಂಸರು ಎದ್ದರು.

ನಾನು ಸಭಾಂಗಣದ ಕೊನೆಯ ಸಾಲಿನಲ್ಲಿ, ಕಂಬದ ಮರೆಯಲ್ಲಿ ಕೂತೆ. ವಿದ್ವಾಂಸರು ವೇದಿಕೆಯ ಮೇಲೆ ಕೂತು ಕೈ ಮುಗಿದು, "ಈ ಊರಿನಲ್ಲಿ ಒಬ್ಬರು" ಎಂದು ಶುರುಮಾಡಿದಾಗ ನಾನು ಕಂಬಕ್ಕೆ ಇನ್ನಷ್ಟು ಒತ್ತಿಕೊಂಡೆ. ಎದ್ದು ಓಡೋಣವೆಂದರೆ ಚಪ್ಪಲಿ ಮುಂದಿನ ಬಾಗಿಲಲ್ಲಿ. ಅವರು ಸುತ್ತ ನೋಡಿ, "ಒಬ್ಬರು ಕೂಡ ಗಡಿಯಾರ ಕಟ್ಟಿಕೊಂಡು ಬಂದಿಲ್ಲ. ಸಂತೋಷ" ಎಂದು ವೀಣೆ ಎತ್ತಿಕೊಂಡರು. ಎರಡು ಗಂಟೆ ಹನ್ನೆರಡೇ ಮೆಟ್ಟಿಲುಗಳ ಮೇಲೆ ಬಾರಿಸಿದರು. ಕೈ ಮೇಲಕ್ಕೆ ಹೊರಡುವುದು, ಅರ್ಧದಲ್ಲಿ ನಿಂತು ಮತ್ತೆ ಇಳಿಯುವುದು. ಪ್ರತಿ ಸಲವೂ ನಾನು ಹನ್ನೆರಡರ ತನಕ ಎಣಿಸಿ ಕಾಯುತ್ತಿದ್ದೆ. ಹೊಸ ಮಾಡಿನ ಮೇಲೆ ಮಳೆ, ಅದರ ಕೆಳಗೆ ಆ ತಗ್ಗಿದ ನಾದ. ಚೆನ್ನಾಗಿತ್ತು ಎಂದು ಹೇಳುವಷ್ಟು ಸಂಗೀತ ನನಗೆ ತಿಳಿಯುವುದಿಲ್ಲ. ಹೆದರಿಕೆಯಲ್ಲಿ ಕೇಳಿದ್ದರಿಂದ ಒಂದು ಸ್ವರವೂ ತಪ್ಪದೆ ಕೇಳಿದೆ ಎಂದು ಮಾತ್ರ ಹೇಳಬಲ್ಲೆ.

ಕಚೇರಿ ಮುಗಿದ ಮೇಲೆ ಮಡಿಕೇರಿಯಿಂದ ಬಂದಿದ್ದ ಸಂಗೀತದ ಟೀಚರೊಬ್ಬರು ಕಣ್ಣೊರೆಸಿಕೊಂಡು ಪೊನ್ನಪ್ಪನಿಗೆ ವಿವರಿಸಿದರು: ವಿದ್ವಾಂಸರು ಮೇಲಿನ ಸ್ಥಾಯಿಯನ್ನು ಮುಟ್ಟಲೇ ಇಲ್ಲ ನೋಡಿ, ಆ ಜಾಗವನ್ನು ಮಳೆಗೆ ಬಿಟ್ಟುಕೊಟ್ಟರು, ಇಂಥ ಯೋಚನೆ ಬೇರೆ ಯಾರಿಗೆ ಬರುತ್ತದೆ ಎಂದು. ಪೊನ್ನಪ್ಪ ನನ್ನ ಕಡೆ ತಿರುಗಿ, ಹೌದಲ್ಲ ಅಕ್ಕ ಎಂದ. ನಾನು ತಲೆಯಾಡಿಸಿದೆ. ಈಗ ಆ ಟೀಚರು ಮಳೆಗಾಲದಲ್ಲಿ ತಮ್ಮಲ್ಲಿ ಕಲಿಯುವ ಮಕ್ಕಳಿಗೂ ಹಾಗೆಯೇ ಬಾರಿಸಲು ಹೇಳಿಕೊಡುತ್ತಿದ್ದಾರಂತೆ. ವಿದ್ವಾಂಸರ ಕಥೆಗಳನ್ನು ಹೇಳುವವರು ಇದನ್ನೂ ಸೇರಿಸಿಕೊಂಡಿದ್ದಾರೆ. ಉಳಿದ ಕಥೆಗಳ ಹಿಂದೆಯೂ ಎಲ್ಲೆಲ್ಲಿ ಯಾವ ಯಾವ ಹೆಂಗಸು ಬಾಗಿಲ ಮರೆಯಲ್ಲಿ ಲೋಟ ಒರೆಸುತ್ತಿದ್ದಳೋ ಎಂದು ನನಗೆ ಈಗೀಗ ಅನುಮಾನ. ಆ ಇನ್ನೊಂದು ಊರಿನಲ್ಲಿ ಅರ್ಧಕ್ಕೇ ಎದ್ದು ಹೋದದ್ದು ಗಡಿಯಾರಕ್ಕೋ, ಹೊಟ್ಟೆ ಕೆಟ್ಟಿದ್ದಕ್ಕೋ ಯಾರು ಕಂಡರು?

ಈ ವರ್ಷ ಪದ್ಮನಾಭಯ್ಯನವರ ಫೋನು ಬಂದಿತ್ತು. ಎರಡು ಹೆಜ್ಜೆ ಹಿಂದೆ ಸರಿದೇ ಎತ್ತಿದೆ. ಮಳೆ ಹಿಡಿದ ಕೂಡಲೇ ಬರುತ್ತಾರಂತೆ. ದೊಡ್ಡಮ್ಮ ಕೇಳುತ್ತಿದ್ದಾಳೆ ಎಂದು ಗುರುಗಳ ಅಪ್ಪಣೆಯಂತೆ. ಈ ಸಲ ಸಮಿತಿಯವರು ನನ್ನನ್ನು ಸಭೆಯಲ್ಲಿ ನಾಲ್ಕು ಮಾತಾಡಿ ಎನ್ನುತ್ತಿದ್ದಾರೆ, ಅಷ್ಟು ದೊಡ್ಡವರನ್ನು ಹತ್ತಿರದಿಂದ ಕಂಡವರು ನೀವಲ್ಲವೇ ಎಂದು. ಅದನ್ನು ನೆನೆದರೆ ಅನ್ನ ಇಳಿಯುವುದಿಲ್ಲ. ನನ್ನಲ್ಲಿ ಇದ್ದದ್ದು ಒಂದೇ ಒಂದು ಸಲ ಒಪ್ಪಿಕೊಳ್ಳುವಷ್ಟು ಧೈರ್ಯ. ಅದು ಆ ಕ್ಯಾಲೆಂಡರಿನ ಮುಂದೆ ಮುಗಿದುಹೋಯಿತು. ಊರಿಗೆ ಹೇಳಬೇಕಾದದ್ದನ್ನು ಅದಕ್ಕೇ ನಿಮಗೆ ಬರೆದಿದ್ದೇನೆ. ವೈಷ್ಣವೀ, ಸುಹಾಸಾ, ಈ ಹಾಳೆಗಳನ್ನು ಜೋಪಾನವಾಗಿಟ್ಟುಕೊಳ್ಳಿ. ಮುಂದೆ ಯಾವಾಗಲಾದರೂ ಆ ಟೀಚರ ಶಿಷ್ಯರು ಮೇಲಿನ ಹನ್ನೆರಡು ಮೆಟ್ಟಿಲು ಬಿಟ್ಟು ಬಾರಿಸುವುದನ್ನು ಕಂಡರೆ ನಿಜ ಹೇಳಿಬಿಡಿ. ಅಷ್ಟರಲ್ಲಿ ನಾನು ಇನ್ನೂ ಇದ್ದರೆ, ನೀವು ಹೇಳುವ ದಿನ ಯಾವುದೆಂದು ಮಾತ್ರ ಮೊದಲೇ ತಿಳಿಸಿ. ನಾನು ಬಾಗಿಲು ಹಾಕಿಕೊಂಡು ಒಳಗೆ ಇರುತ್ತೇನೆ.