ಹಾರ ಹಾಕಿಸಿಕೊಂಡ ನನ್ನ ಫೋಟೋದವರ ಸನ್ನಿಧಾನಕ್ಕೆ

ಮಾನ್ಯರೇ,

ಸಿದ್ಧಾರ್ಥನಗರದ ಶೂಟಿಂಗ್ ಬಂಗಲೆಯ ನಡುಮನೆಯಲ್ಲಿ, ಗಂಧದ ಹಾರ ಧರಿಸಿ, ಪುಟ್ಟ ಕೆಂಪು ಬಲ್ಬಿನ ಬೆಳಕಿನಲ್ಲಿ ವಿರಾಜಮಾನರಾಗಿರುವ ತಮಗೆ, ತಮ್ಮ ಅಸಲು ಪ್ರತಿಯಾದ ನಾನು ಮಾಡುವ ಸಾಷ್ಟಾಂಗ ನಮಸ್ಕಾರಗಳು. ತಮ್ಮ ಗಾಜು ಕ್ಷೇಮವೆಂದೂ ಚೌಕಟ್ಟಿಗೆ ಗೆದ್ದಲು ಹತ್ತಿಲ್ಲವೆಂದೂ ನಂಬಿದ್ದೇನೆ.

ಎರಡು ವರ್ಷ ಮುಚ್ಚಿಟ್ಟ ಸಂಗತಿಯೊಂದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ರಾತ್ರಿ ಎಂಟರ ಧಾರಾವಾಹಿಯಲ್ಲಿ, ಅಪಘಾತದಲ್ಲಿ ತೀರಿಹೋದ ಹಿರಿಮಗನೆಂದು ಇಡೀ ಕುಟುಂಬ ಕೈಮುಗಿಯುವುದು ನನ್ನ ಫೋಟೋಗೆ ಎಂದು ನಾನು ಮನೆಯಲ್ಲಿ ಹೇಳಿರಲಿಲ್ಲ. ಹಾಗೆಂದು ಸುಳ್ಳನ್ನೂ ಹೇಳಿರಲಿಲ್ಲ. ಒಂಬತ್ತನೇ ತರಗತಿಯಲ್ಲಿ ಶಾಲೆ ಬಿಟ್ಟಾಗ ಕಾರಣ ಕೇಳಿದ ಹೆಡ್‌ಮಾಸ್ತರಿಗೂ ಬೇಜಾರಾಗಿದೆ ಎಂಬ ನಿಜವನ್ನೇ ಹೇಳಿ ಬಂದವನು ನಾನು. ಅಮ್ಮನಿಗೆ, ಹಿರಿಮಗನ ಪಾತ್ರ ಎಂದೆ. ದಿನಾ ಬರುತ್ತೇನೆ ಎಂದೆ. ದೊಡ್ಡ ದೊಡ್ಡ ಕಲಾವಿದರು ನನ್ನೆದುರು ನಿಂತು ಅಳುತ್ತಾರೆ ಎಂದೆ. ನನ್ನ ಅಮ್ಮ ಸಿದ್ದಲಿಂಗಮ್ಮ ಬೋಗಾದಿಯ ಹೆಣ್ಣುಮಕ್ಕಳ ಹಾಸ್ಟೆಲೊಂದರಲ್ಲಿ ಅಡುಗೆ ಮಾಡುತ್ತಾಳೆ. ಎಂಟು ಗಂಟೆಯೆಂದರೆ ಅವಳಿಗೆ ಚಪಾತಿ ಲಟ್ಟಿಸುವ ಹೊತ್ತು, ಹೀಗಾಗಿ ತಮ್ಮ ದರ್ಶನಭಾಗ್ಯ ಒದಗಿರಲಿಲ್ಲ.

ತಾವು ಹುಟ್ಟಿದ ಬಗೆಯನ್ನು ತಾವು ಮರೆತಿರಬಹುದು. ಅಶೋಕಪುರಂನ ಚಂದ್ರು ಮದುವೆ ಫೋಟೋಗ್ರಾಫರ್. ಅವನೂ ನಾನೂ ಸೇರಿ ಸಿನಿಮಾ ಮಾಡಲು ಹೊರಟಿದ್ದೆವು. ಲಗ್ನಗಳಿರುವ ತಿಂಗಳೆಲ್ಲ ಕ್ಯಾಮೆರಾ ಛತ್ರದಲ್ಲಿರುತ್ತಿದ್ದುದರಿಂದ ನಮ್ಮ ಚಿತ್ರೀಕರಣ ಆಷಾಢದಲ್ಲಿ ಮಾತ್ರ ನಡೆಯುತ್ತಿತ್ತು. ನಮ್ಮ ನಾಯಕ ಹುಟ್ಟಿದ್ದು, ಪ್ರೀತಿಸಿದ್ದು, ಕೊನೆಗೆ ಬೇಸಿಗೆಯ ಬಿಸಿಲಿಗೆ ತಲೆಸುತ್ತಿ ಬಿದ್ದಿದ್ದು, ಎಲ್ಲವೂ ಆಷಾಢದ ಜಿಟಿಜಿಟಿ ಮಳೆಯಲ್ಲೇ. ಮೂರನೇ ಆಷಾಢ ಬರುವಷ್ಟರಲ್ಲಿ ನಾಯಕಿ ಪವಿತ್ರಳಿಗೇ ಮದುವೆ ಗೊತ್ತಾಯಿತು. ಅದನ್ನೂ ಅದೇ ಕ್ಯಾಮೆರಾದಲ್ಲಿ ಚಂದ್ರುವೇ ತೆಗೆದ. ನಮ್ಮ ತಂಡ ಪೂರ್ತಿಯಾಗಿ ಮುಗಿಸಿದ ಚಿತ್ರ ಅದೊಂದೇ.

ಆ ದಿನಗಳಲ್ಲಿ ನಾನು ಅವಕಾಶ ಕೇಳಲೆಂದು ಚಂದ್ರು ತೆಗೆದುಕೊಟ್ಟ ಫೋಟೋ ತಾವು. ಧಾರಾವಾಹಿಯ ನಿರ್ದೇಶಕರು ತಮ್ಮನ್ನು ಬೆಳಕಿಗೆ ಹಿಡಿದು ನೋಡಿ, ಮುಖದಲ್ಲಿ ಒಳ್ಳೆಯತನವಿದೆ, ಇಂಥವರು ಹೆಚ್ಚು ದಿನ ಬದುಕುವುದಿಲ್ಲ ಎಂದು ಮೆಚ್ಚಿಕೊಂಡರು. ಸತ್ತವರಿಗೆ ಫ್ಲ್ಯಾಷ್‌ಬ್ಯಾಕ್ ಇದ್ದೇ ಇರುತ್ತದೆ, ಆಗ ನಿಮ್ಮನ್ನು ಕರೆಸುತ್ತೇವೆ ಎಂದು ನನಗೆ ಭರವಸೆಯಿತ್ತರು. ನಾನು ಎರಡು ವರ್ಷ ಫೋನನ್ನು ಬಚ್ಚಲುಮನೆಗೂ ಒಯ್ದೆ.

ತಮ್ಮ ಅಭಿನಯದ ಬಗ್ಗೆ ನನಗೆ ಎಳ್ಳಷ್ಟೂ ತಕರಾರಿಲ್ಲ. ತಾವು ಮಾತು ಮರೆಯುವುದಿಲ್ಲ, ಊಟ ತಡವಾಯಿತೆಂದು ಮುನಿಯುವುದಿಲ್ಲ, ಅತ್ತೆ ಸೊಸೆಯರು ತಮ್ಮೆದುರು ಎಷ್ಟೇ ಕೆಟ್ಟದಾಗಿ ಅತ್ತರೂ ನಗು ತಡೆದುಕೊಳ್ಳುತ್ತೀರಿ. ಆದರೆ ಆ ಬಂಗಲೆಯಲ್ಲಿ ಅಷ್ಟು ಗೌರವ ಪಡೆದವರು ನನಗೂ ಒಂದಿಷ್ಟು ದಾರಿ ಮಾಡಿಕೊಡಬಹುದಿತ್ತಲ್ಲವೇ ಎಂಬುದಷ್ಟೇ ನನ್ನ ಅಳಲು. ಒಂದು ದಿನ ತಮಗೆ ನೆಗಡಿಯಾಗಿದೆಯೆಂದು ರಜೆ ಹಾಕಿ, ಆ ಹೊತ್ತಿಗೆ ನನ್ನನ್ನು ಮೊಳೆಗೆ ತೂಗುಹಾಕಲು ಶಿಫಾರಸು ಮಾಡಬಹುದಿತ್ತು. ಅದೂ ಆಗದಿದ್ದರೆ ಕ್ಲೋಸಪ್ಪಿನಲ್ಲಿ ಒಮ್ಮೆ, ಒಮ್ಮೆ ಮಾತ್ರ, ರೆಪ್ಪೆ ಬಡಿಯಬಹುದಿತ್ತು.

ತಾವು ಪ್ರಸಿದ್ಧರಾದಷ್ಟೂ ನನಗೆ ಬಾಗಿಲುಗಳು ಮುಚ್ಚುತ್ತಾ ಬಂದವು. ಯಾವ ಆಫೀಸಿಗೆ ಹೋದರೂ ಎಲ್ಲೋ ನೋಡಿದ್ದೇನಲ್ಲ ಎನ್ನುತ್ತಾರೆ. ಎಲ್ಲಿ ನೋಡಿದ್ದೆಂದು ನಾನು ಹೇಳಿಬಿಡುತ್ತೇನೆ. ಮುಹೂರ್ತಕ್ಕೆ ಗಳಿಗೆ ನೋಡುವ, ಮೊದಲ ಶಾಟಿಗೆ ನಿಂಬೆಹಣ್ಣು ಇಡುವ ಜನ, ಹಾರ ಬಿದ್ದ ಮುಖವನ್ನು ಹೊಸ ಚಿತ್ರದೊಳಕ್ಕೆ ಬಿಟ್ಟುಕೊಳ್ಳುತ್ತಾರೆಯೇ? ಮ್ಯಾನೇಜರೊಬ್ಬರು ತುಂಬಾ ಮರ್ಯಾದೆಯಿಂದಲೇ ಹೇಳಿದರು: "ಬೇಜಾರ್ ಮಾಡ್ಕೋಬೇಡಿ ನಿರಂಜನ್. ನೀವು ಫೈಟ್ ಮಾಡೋಕೆ ಬಂದ್ರೆ ಜನ ಎದ್ದು ಕೈ ಮುಗೀತಾರೆ."

ಹೀಗಿರುವಾಗ ಕಳೆದ ವಾರ ಹಾಸ್ಟೆಲಿನಲ್ಲಿ ಸಿಲಿಂಡರ್ ಖಾಲಿಯಾಯಿತು. ಕೈಬಿಡುವಾದ ಅಮ್ಮನನ್ನು ಹುಡುಗಿಯರು, ಬನ್ನಿ ಆಂಟಿ, ನಿಮ್ಮ ಮಗನ ಸೀರಿಯಲ್ ಎಂದು ಟಿವಿ ಮುಂದೆ ಕೂರಿಸಿದರು. ಅವರು ದಿನಾ ಹುಡುಕಿದರೂ ನಾನು ಅವರಿಗೆ ಕಂಡಿರಲಿಲ್ಲ. ಹಾರದ ಹಿಂದೆ ಒಂದು ಮುಖ ಇರುತ್ತದೆಂದು ಯಾರು ತಾನೇ ನೋಡುತ್ತಾರೆ? ಅಂದು ತಮ್ಮ ವರ್ಷದ ತಿಥಿ ಬೇರೆ. ಎಡೆ ಇಟ್ಟಿದ್ದರು. ಅಮ್ಮ ಒಂದೇ ನೋಟಕ್ಕೆ ಗುರುತು ಹಿಡಿದಳು.

ಮನೆಗೆ ಬಂದು ಅವಳು ಜಗಳವಾಡಲಿಲ್ಲ. ನನ್ನ ತಟ್ಟೆಗೆ ಬಡಿಸಿ, ಉಂಡು ಮುಗಿಸುವವರೆಗೂ ಎದುರಿಗೇ ಕೂತಿದ್ದಳು. ಬೆಳಿಗ್ಗೆ ಸಿದ್ಧಾರ್ಥನಗರದ ಬಸ್ಸು ಹತ್ತಿದಳು. ಬೇಡವೆನ್ನುತ್ತಾ ನಾನು ಹಿಂದೆ ಹೋದೆ. ಮುಂದಿನದು ತಮ್ಮ ಕಣ್ಣೆದುರೇ ನಡೆದದ್ದು. ಶಾಟ್ ನಡೆಯುತ್ತಿರುವಾಗಲೇ ಒಳನುಗ್ಗಿ, ಸ್ಟೂಲು ಹತ್ತಿ, ಹಾರ ಕಿತ್ತು, ತಮ್ಮ ಹಣೆಯ ಕುಂಕುಮವನ್ನು ಸೆರಗಿನಿಂದ ಒರೆಸಿದಳು. "ಯಾವ ಆಕ್ಸಿಡೆಂಟು ಕಣ್ರೀ? ನನ್ನ ಮಗ ಬೆಳಿಗ್ಗೆ ರೊಟ್ಟಿ ತಿಂದು ಬಂದವ್ನೆ. ಇಗೋ, ಇಲ್ಲೇ ನಿಂತವ್ನೆ."

ಎಲ್ಲರೂ ತಿರುಗಿ ನನ್ನನ್ನು ನೋಡಿದರು. ಎರಡು ವರ್ಷದಲ್ಲಿ ಆ ಬಂಗಲೆಯಲ್ಲಿ ನಾನು ಮಾಡಿದ ಏಕೈಕ ಪ್ರವೇಶ ಅದು. ಕ್ಯಾಮೆರಾ ಮಾತ್ರ ಅಮ್ಮನ ಮೇಲಿತ್ತು.

ನಿರ್ದೇಶಕರ ಕಣ್ಣಲ್ಲಿ ನೀರು. ಬಂದು, ಅಮ್ಮ, ಇದನ್ನೇ ನಾಳೆಯೂ ಮಾಡುತ್ತೀರಾ, ದಿನಾ ಬಂದು ಫೋಟೋ ಮುಂದೆ ಅತ್ತರೆ ಸಾಕು ಎಂದು ಕೇಳಿದರು. ನಾನು ಐದು ವರ್ಷ ಅಲೆದರೂ ಸಿಗದ ಪಾತ್ರ ಅವಳಿಗೆ ಸ್ಟೂಲಿನಿಂದ ಇಳಿಯುವ ಮೊದಲೇ ಸಿಕ್ಕಿತ್ತು. ಅಮ್ಮ ಹೇಳಿದಳು: "ಸತ್ತೋನ ಮುಂದೆ ಅಳೋಕೆ ನಾನು ಬರಾಕಿಲ್ಲ ಸ್ವಾಮಿ. ಅವನ್ನ ಎಬ್ಬಿಸಿ ನಿಲ್ಸಿ, ಬಯ್ಯೋಕೆ ಬತ್ತೀನಿ."

ಮಾತು ಅವರ ಮನಸ್ಸಿಗೆ ನಾಟಿತು. ಹಿರಿಮಗನನ್ನು ಬದುಕಿಸಿಬಿಡೋಣ ಎಂದು ಅಲ್ಲಿಯೇ ತೀರ್ಮಾನವಾಯಿತು. ನನ್ನ ಎದೆ ಹೊಡೆದುಕೊಂಡ ಸದ್ದು ತಮಗೂ ಕೇಳಿಸಿರಬೇಕು. ಮರುದಿನ ಕಥೆಯ ವಿಭಾಗದವರು ಫೋನಿನಲ್ಲಿ ವಿವರ ತಿಳಿಸಿದರು: ಅಪಘಾತದಲ್ಲಿ ಮಗ ಸತ್ತಿರಲಿಲ್ಲ, ಮುಖ ಮಾತ್ರ ಹೋಗಿತ್ತು, ಈಗ ಪ್ಲಾಸ್ಟಿಕ್ ಸರ್ಜರಿ ಮಾಡಿಸಿಕೊಂಡು, ಬೆಂಗಳೂರಿನ ಹೆಸರಾಂತ ನಟರೊಬ್ಬರ ಮುಖದೊಂದಿಗೆ ಮರಳುತ್ತಾನೆ. ಸತ್ತಾಗ ನನ್ನ ಮುಖ ಸಾಕಾಗಿತ್ತು, ಬದುಕಲು ಸಾಲದಾಯಿತು.

ತಮಗಿದನ್ನು ಯಾರೂ ತಿಳಿಸಿಲ್ಲವೆಂದು ಕಾಣುತ್ತದೆ, ಆದ್ದರಿಂದ ಈ ಪತ್ರ. ಸೋಮವಾರ ತಮ್ಮನ್ನು ಗೋಡೆಯಿಂದ ಇಳಿಸುತ್ತಾರೆ. ನಮ್ಮ ಕ್ಷೇತ್ರದಲ್ಲಿ ಕೆಲಸ ಹೋದ ಸುದ್ದಿ ಕೆಲಸ ಕಳೆದುಕೊಂಡವನಿಗೇ ಕೊನೆಗೆ ಮುಟ್ಟುವುದು ವಾಡಿಕೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಗೋದಾಮಿನಲ್ಲಿ ಬೇರೆ ಬೇರೆ ಧಾರಾವಾಹಿಗಳ ದಿವಂಗತರು ಅನೇಕರಿದ್ದಾರೆ. ಎಲ್ಲರೂ ಒಳ್ಳೆಯ ಕಲಾವಿದರು.

ನನ್ನ ಚಿಂತೆ ತಮಗೆ ಬೇಡ. ದಾವಣಗೆರೆಯಲ್ಲಿ ಕ್ಯಾಂಪು ಹಾಕಿರುವ ನಾಟಕ ಕಂಪನಿಯೊಂದಕ್ಕೆ ಫೋನು ಮಾಡಿದ್ದೆ. ಯಜಮಾನರು ಫೋಟೋ ಕಳಿಸು ಎನ್ನಲಿಲ್ಲ. "ದನಿ ಜೋರೈತೇನಪ್ಪಾ? ಹಿಂದಿನ ಕುರ್ಚಿಗೆ ಕೇಳಬೇಕು ನೋಡು," ಎಂದಷ್ಟೇ ಕೇಳಿದರು. ಐತೆ ಎಂದು ಕೂಗಿದೆ. ಅಮ್ಮ ಅಡುಗೆಮನೆಯಿಂದ ಓಡಿ ಬಂದಳು.

ತಮ್ಮ ನೆರಳಿನಲ್ಲಿ ಇಷ್ಟು ಕಾಲ ಬಾಳಿದ,

ತಮ್ಮ ವಿಶ್ವಾಸಿ,
ನಿರಂಜನ್
ಬೋಗಾದಿ, ಮೈಸೂರು

ತಾ.ಕ.: ತಮ್ಮ ಚೌಕಟ್ಟನ್ನು ಎಸೆಯಬಾರದೆಂದು ನಿರ್ದೇಶಕರು ಕಲಾ ವಿಭಾಗಕ್ಕೆ ಹೇಳಿದ್ದಾರಂತೆ, ಬೆಂಗಳೂರಿನ ನಟರ ಮುಖಕ್ಕೂ ಅಳತೆ ಸರಿಹೋಗುತ್ತದಂತೆ. ಅವರು ಬಂದಾಗ ದಯವಿಟ್ಟು ಇದನ್ನು ಹೇಳಬೇಡಿ, ಪಾಪ, ಹೊಸಬರು. ನಾನು ನಾಳೆ ಬೆಳಿಗ್ಗೆ ಹೊರಡುತ್ತೇನೆ.