ಗ್ರಾಹಕ ಅಂದರೆ ಗಿರಾಕಿ ಅಲ್ಲ

ಕೀಟದ ಮಿದುಳಿನ ಮಾತು ತೆಗೆದಾಗಲೆಲ್ಲ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ನಾನು ಇಳಕಲ್ಲಿನ ಪ್ರೌಢಶಾಲೆಯ ವಿಜ್ಞಾನ ಮೇಷ್ಟ್ರು, ಮಾತು ಕಡಿಮೆ. ಹಿತ್ತಲಲ್ಲಿ ನನ್ನ ಹೆಂಡತಿ ಇಟ್ಟ ಜೇನುಪೆಟ್ಟಿಗೆ ಇದೆ. ಈಗ ಅವಳಿಲ್ಲ, ನೊಣಗಳಿವೆ. ಬೇಲಿಯಾಚೆ ಸೀರೆ ಅಂಗಡಿಯ ಸಾಹುಕಾರರ ಹೊಲ. ಸೂರ್ಯಕಾಂತಿ ಹೂವಾಡುತ್ತಿರುವಾಗಲೇ ಕೀಟನಾಶಕ ಹೊಡೆಸುತ್ತೇನೆ ಎಂದರು ಅವರು. ಹೊಡೆಸಿದರೆ ಪೆಟ್ಟಿಗೆ ಖಾಲಿ. ಆ ಔಷಧಿ ನೊಣದ ಮಿದುಳಿನಲ್ಲಿ ಮಾಡುವುದೇನೆಂದು ಅವರಿಗೆ ತಿಳಿಸಿ ಹೇಳಬೇಕಿತ್ತು. ರೂಢಿಯಾಗಲೆಂದು ಮೊದಲು ಮಕ್ಕಳ ಮುಂದೆ ಹೇಳಿ ನೋಡಿದೆ.

ಚೌಕಾಶಿ

ಎಳ್ಳುಕಾಳಿನಷ್ಟು ಮಿದುಳು, ಅದರೊಳಗೆ ಲಕ್ಷಗಟ್ಟಲೆ ನರಕೋಶ. ಕೋಶ ಕೋಶದ ನಡುವೆ ಸಣ್ಣ ಸಂದಿ. ಈಚಿನ ಕೋಶ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಬಿಡುತ್ತದೆ. ಅದು ಸಂದಿ ದಾಟಿ, ಆಚಿನ ಕೋಶದ ಒಂದು ಪ್ರೋಟೀನಿಗೆ ಅಂಟಿ, ಸುದ್ದಿ ಮುಟ್ಟಿಸಿ, ಕೂಡಲೇ ಬಿಟ್ಟು ಹೋಗುತ್ತದೆ. ಇಷ್ಟು ಹೇಳುವಷ್ಟರಲ್ಲಿ ನನಗೇ ಮೈತುಂಬ ಹುರುಪು. ಆ ಪ್ರೋಟೀನಿಗೆ ಪುಸ್ತಕದಲ್ಲಿರುವ ಹೆಸರು ‘ಗ್ರಾಹಕ’. ಊರ ತುಂಬ ಸೀರೆ ಅಂಗಡಿಗಳು, ಅಂಗಡಿಗೊಂದು ‘ಗ್ರಾಹಕರೇ ದೇವರು’ ಫಲಕ. ಅದು ನನಗೆ ಹೊಳೆಯಲಿಲ್ಲ. ಹಾಗಾದರೆ ಗ್ರಾಹಕದ ಕೆಲಸವೇನು ಎಂದು ಕೇಳಿದೆ. ನೇಕಾರರ ಮನೆಯ ಹುಡುಗಿಯೊಬ್ಬಳು ಎದ್ದು ನಿಂತಳು.

“ಚೌಕಾಶಿ ಮಾಡೂದ್ರಿ ಸರ್.”

ಕೀಲಿ

ಮರುದಿನ ಆ ಶಬ್ದವನ್ನೇ ಬಿಟ್ಟು ಕೀಲಿ ಹಿಡಿದೆ. ಆ ಪ್ರೋಟೀನು ಕೀಲಿ, ಅಂದರೆ ಬೀಗ, ಇದ್ದಂತೆ; ಅಸಿಟೈಲ್‌ಕೋಲಿನ್ ಅದರ ಕೀಲಿಕೈ. ಕೀಟನಾಶಕ ಕಳ್ಳಕೀಲಿಕೈ; ಒಳಗೆ ಹೋಗುತ್ತದೆ, ಹೊರಗೆ ಬರುವುದಿಲ್ಲ. ಕೈಗೆ ಸಿಕ್ಕಿದ್ದು ಬಿಸಿಯೂಟದ ಕೋಣೆಯ ಕೀಲಿ. ಬಾಗಿಲಿಗೆ ಅದನ್ನು ಹಾಕಿಯೇ, ಅದರೊಳಗೆ ನನ್ನ ಸೈಕಲ್ಲಿನ ಕೀಲಿಕೈ ತುರುಕಿ ತೋರಿಸಿದೆ. ಹೇಳಿದಂತೆಯೇ ಆಯಿತು, ಹೊರಗೆ ಬರಲಿಲ್ಲ. ಅನ್ನ ಸಾರು ಎಲ್ಲ ಒಳಗೆ, ತಾಟು ಹಿಡಿದ ಇಡೀ ಶಾಲೆ ಹೊರಗೆ. ಮುಖ್ಯೋಪಾಧ್ಯಾಯಿನಿ ಬಂದು ಕೀಲಿ ನೋಡಿದರು, ನನ್ನನ್ನು ನೋಡಿದರು, ಏನಾತ್ರಿ ಎಂದರು.

“ಪ್ರಯೋಗ ಯಶಸ್ವಿ ಆತ್ರಿ ಮೇಡಂ,” ಎಂದೆ.

ಬೀಗರು

ಔಷಧಿ ಹೊಡೆಸುವ ಹಿಂದಿನ ದಿನ ಅಂಗಡಿಗೇ ಹೋದೆ. ಒಳಗೆ ಗಾದಿಯ ಮೇಲೆ ಸಾಹುಕಾರರ ಬೀಗರು, ಅಂದರೆ ಅವರ ಮಗಳ ಮಾವ, ಸೀರೆ ಕೊಳ್ಳಲು ಬಂದ ಹೆಣ್ಣುಮಗಳೊಬ್ಬಳನ್ನು ಹಿಡಿದು ಕೂರಿಸಿಕೊಂಡು ತಮ್ಮ ಮೊಣಕಾಲು ನೋವಿನ ಕತೆ ಹೇಳುತ್ತಿದ್ದರು. ಆಕೆಯ ಕೈಯಲ್ಲಿ ಅರ್ಧ ಬಿಚ್ಚಿದ ಸೀರೆ, ಬಾಯಲ್ಲಿ ಬಸ್ಸಿಗೆ ಹೊತ್ತಾಯಿತೆಂಬ ಮಾತು. ನಾನು ಗಡಿಬಿಡಿಯಲ್ಲಿ ಶುರು ಮಾಡಿದೆ. ಔಷಧಿ ಹೋಗಿ ಗ್ರಾಹಕವನ್ನು ಹಿಡಿದುಕೊಳ್ಳುತ್ತದೆ, ಬಿಡುವುದಿಲ್ಲ, ನೊಣಕ್ಕೆ ಮನೆಯ ದಾರಿ ಮರೆಯುತ್ತದೆ ಎಂದೆ.

“ಗಿರಾಕೀನ ಹಿಡಕೊಂಡು ಬಿಡೂದಿಲ್ಲೇನ್ರಿ?” ಎಂದರು ಸಾಹುಕಾರರು.

ಗ್ರಾಹಕ ಅಂದರೆ ಗಿರಾಕಿ ಅಲ್ಲ ಎಂದು ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಆ ಹೆಣ್ಣುಮಗಳು ಸೀರೆ ಕೆಳಗಿಟ್ಟು, ತನ್ನ ಚೀಲವನ್ನೂ ಅಲ್ಲೇ ಮರೆತು, ಬಸ್‌ಸ್ಟ್ಯಾಂಡಿನ ಕಡೆ ಹೋಗಬೇಕಾದವಳು ಹಳ್ಳದ ಕಡೆ ನಡೆದುಬಿಟ್ಟಳು. ಸಾಹುಕಾರರು ಅವಳನ್ನು ನೋಡಿದರು, ಬೀಗರನ್ನು ನೋಡಿದರು. ನಾನು ತೆರೆದ ಬಾಯಿ ಮುಚ್ಚಿದೆ.

“ತಿಳೀತ್ರಿ ಸರ್,” ಎಂದರು ಅವರು ಮೆತ್ತಗೆ. “ಪಾಪ, ನೊಣಾ. ಹೂವು ಉದುರೂತನಕ ಹೊಡಸೂದಿಲ್ಲ ಬಿಡ್ರಿ.”

ಮರುದಿನ ಸಂಜೆ ಪೆಟ್ಟಿಗೆಯ ಬಳಿ ಕೂತಿದ್ದೆ. ಕಾಲಿಗೆ ಹಳದಿ ಪರಾಗ ಮೆತ್ತಿಕೊಂಡು ನೊಣಗಳು ನೆಟ್ಟಗೆ ಮನೆಗೆ ಬರುತ್ತಿದ್ದವು, ಒಂದಕ್ಕೂ ದಾರಿ ತಪ್ಪಿರಲಿಲ್ಲ. ಬೇಲಿಯಾಚೆಯಿಂದ ಸಾಹುಕಾರರು ಇಣುಕಿದರು. ಆ ಔಷಧಿ ಹಾಗೇ ಉಳಿದಿದೆ, ಸ್ವಲ್ಪ ಬೀಗರಿಗೆ ಹೊಡೆದರೆ ಹೇಗೆ ಎಂದು ಕೇಳಿದರು. ಇಂಥದ್ದಕ್ಕೆಲ್ಲ ಉತ್ತರ ಕೊಡುತ್ತಿದ್ದವಳು ನನ್ನ ಹೆಂಡತಿ; ನಾನು ಪಕ್ಕದಲ್ಲಿ ಕೂತು ನಗುತ್ತಿದ್ದವನು. ಆ ಸಂಜೆ ನಾನೇ ಹೇಳಿದೆ:

“ಹತ್ತೂದಿಲ್ರಿ. ಆ ಔಷಧಿ ಹತ್ತೂದು ಮಿದುಳಿಗೆ. ಮೊದಲ ಅದು ಇರಬೇಕಲ್ರಿ.”