ಆನೆಯ ಹೊಟ್ಟೆನೋವು ಮತ್ತು ನಮ್ಮ ಕನ್ನಡ ಕಪಾಟು

ದೊಡ್ಡ ಗ್ರಂಥಾಲಯದಲ್ಲಿ ಪುಸ್ತಕಗಳು ಸುಮ್ಮನಿರುತ್ತವೆ, ನೋಡಲು ಬಂದವರು ಸುಮ್ಮನಿರುವುದಿಲ್ಲ. ಹೈದರಾಬಾದಿನ ಅಂಥದ್ದೊಂದು ಗ್ರಂಥಾಲಯದಲ್ಲಿ ಕನ್ನಡ ಕಪಾಟುಗಳು ನನ್ನ ಸುಪರ್ದಿಯಲ್ಲಿವೆ. ಹೊಸ ಸಾಹೇಬರು ಬಂದವರೇ, "ಇದನ್ನೆಲ್ಲ ನೋಡೋರು ಯಾರಿದ್ದಾರ್ರಿ? ಬೇಸಿಗೆಯೊಳಗೆ ಜನ ಬರದಿದ್ದರೆ ಎಲ್ಲಾ ನೆಲಮಾಳಿಗೆಗೆ" ಎಂದರು. ನೆಲಮಾಳಿಗೆಗೆ ಇಳಿದ ಪುಸ್ತಕವನ್ನು ಆಮೇಲೆ ಓದುವುದು ಗೆದ್ದಲು ಮಾತ್ರ. ಹಾಗಾಗಿ ನಮ್ಮಲ್ಲಿದ್ದ ಅಪರೂಪದ ವಸ್ತುಗಳನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಬಾಗಿಲ ಹತ್ತಿರ ನಿಲ್ಲಿಸಿದೆ. ಮುಂದಿನದೆಲ್ಲ ನಿಜ, ಉಪ್ಪು ಖಾರ ಮಾತ್ರ ನನ್ನದು.

೧. ತಾಳೆಗರಿ

ಮೊದಲು ಬಂದವನು ನಮ್ಮ ಗೋಡೆಗೆ ಗಿಲಾವು ಮಾಡುತ್ತಿದ್ದ ಯಾದಗಿರಿ ಕಡೆಯ ಗೌಂಡಿ. ತಾಳೆಗರಿಯ ಕಟ್ಟು ನೋಡಿ, "ಇದರಾಗ ಏನ್ ಬರದಾರ್ರಿ?" ಎಂದ.

"ಆನಿಗೆ ಹೊಟ್ಟಿ ನೂಸಿದ್ರ ಕೊಡೋ ಔಷಧ."

ಅವನು ಕೈಯಲ್ಲಿದ್ದ ಕರಣೆ ಕೆಳಗಿಟ್ಟ. "ಔಷಧ ಇರ್ಲಿ ಬಿಡ್ರಿ. ಆನಿಗೆ ಬಾಯಿ ತೆರಿ ಅಂದಾಂವ ಏನಾದ?"

೨. ವಾಡಿ ಗಾಡಿ

ಪಕ್ಕದಲ್ಲಿ ಒಂದು ಹಳೆಯ ರೈಲು ವೇಳಾಪಟ್ಟಿ. ಮಲ್ಕಾಜ್‌ಗಿರಿಯಿಂದ ಬಂದ ನಿವೃತ್ತ ರೈಲ್ವೆ ಗಾರ್ಡ್ ಒಬ್ಬರು ಗಾಜಿಗೆ ಮೂಗು ತಾಗಿಸಿ ಓದಿ ನನ್ನ ಮೇಲೇ ಎಗರಿದರು: "ವಾಡಿ ಗಾಡಿ ಟೈಮ್ ತಪ್ಪು ಐತಲ್ರಿ!"

"ಕಾಕಾ, ಅದು ನಿಜಾಮರ ಕಾಲದ್ದು."

"ಹಂಗನ್ರಿ?" ಮುಖ ಅರಳಿತು. "ಹಂಗಾರ ನಿಜಾಮರ ಕಾಲಕ್ಕ ಹೊಂಟು, ನಾ ತಡಾ ಮಾಡಿ ತರ್ತಿದ್ದದ್ದು ಇದ ಗಾಡಿ."

೩. ಸೀಟು

ಇಬ್ಬರಿಂದ ಕಪಾಟು ಉಳಿಯುತ್ತದೆಯೇ? ದಿಲ್‌ಸುಖ್‌ನಗರದ ಕೋಚಿಂಗ್ ಸೆಂಟರ್ ಎದುರಿನ ಚಹಾದಂಗಡಿಯಲ್ಲಿ ನಿಂತು ನಾನು ಅಂದದ್ದು ಇಷ್ಟೇ: "ಆ ತಾಳೆಗರಿಗೆ ಕೈಮುಗಿದವರು ಫೇಲಾದದ್ದು ನಾನಂತೂ ನೋಡಿಲ್ಲ." ಸುಳ್ಳಲ್ಲ. ಕೈಮುಗಿದವರನ್ನೇ ನಾನು ನೋಡಿರಲಿಲ್ಲ.

ವಾರದೊಳಗೆ ಬಾಗಿಲಲ್ಲಿ ಚಪ್ಪಲಿ ರಾಶಿ, ಗಾಜಿಗೆ ಕುಂಕುಮ. ಸಾಹೇಬರು ಕೆಂಡವಾದರು. "ಗ್ರಂಥಾಲಯಾನ ಗುಡಿ ಮಾಡಿದ್ದೀರಾ? ಈಗಲೇ ಪೆಟ್ಟಿಗೆ, ಕಪಾಟು ಎಲ್ಲಾ ಕೆಳಗೆ!" ಹಮಾಲರು ಪೆಟ್ಟಿಗೆಗೆ ಕೈಹಾಕಿಯೂ ಆಯಿತು.

ಅಷ್ಟರಲ್ಲಿ ತೆಂಗಿನಕಾಯಿ ಹಿಡಿದು ಒಬ್ಬ ಹೆಂಗಸು, ಹಿಂದೆ ಡಾಕ್ಟರ್ ಸೀಟಿಗೆ ಓದುತ್ತಿದ್ದ ಮಗಳು. ಸಾಹೇಬರ ಹೆಂಡತಿ! ಗಂಡನನ್ನು ಕಂಡವರೇ ತೆಲುಗಿನಲ್ಲಿ ಗದರಿದರು: "ಏಮಂಡೀ, ಅದರ ಮುಂದೆ ಬೂಟು ಹಾಕ್ಕೊಂಡು ನಿಂತಿದ್ದೀರಲ್ಲ! ಬಿಚ್ಚಿ ಮೊದಲು!"

ಸಾಹೇಬರು ಬಿಚ್ಚಿದರು. ಕೈಯನ್ನೂ ಮುಗಿದರು. ಹಮಾಲರು ಪೆಟ್ಟಿಗೆ ಬಿಟ್ಟು ತಾವೂ ಮುಗಿದರು. ಕಪಾಟುಗಳು ಇದ್ದಲ್ಲೇ ಉಳಿದವು.

ಮಗಳಿಗೂ ಡಾಕ್ಟರ್ ಸೀಟೇ ಸಿಕ್ಕಿತು. ತಾಳೆಗರಿ ತನಗೆ ಗೊತ್ತಿದ್ದುದನ್ನು ತಾನೇ ಕೊಡಬೇಕು? ಹುಡುಗಿ ಈಗ ಪಶುವೈದ್ಯಕೀಯ ಕಾಲೇಜಿನಲ್ಲಿದ್ದಾಳೆ.